ಬಲ ಎದೆಯ ಪದಕಗಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅದರಲ್ಲೂ ನನ್ನ ಹೊಲಿಗೆಯಲ್ಲಿ ತಪ್ಪಿದೆ ಎಂದು ಯಾರಾದರೂ ಅಂದರೆ ಮುಗಿಯಿತು. ಆದರೆ ಕೆಲವು ವರ್ಷಗಳ ಹಿಂದೆ, ಏಪ್ರಿಲ್‌ನ ಒಂದು ಮಧ್ಯಾಹ್ನ, ದೋಹಾದ ಮುಶೈರಿಬ್‌ನ ನನ್ನ ಟೈಲರ್ ಅಂಗಡಿಯಲ್ಲಿ ಬಾಯಿ ಮುಚ್ಚಿಕೊಂಡು ನಿಂತೆ. ತಪ್ಪು ನೂರಕ್ಕೆ ನೂರು ನನ್ನದೇ ಆಗಿತ್ತು.

ಹಿಂದಿನ ದಿನ ಒಬ್ಬ ಆಸ್ಟ್ರೇಲಿಯಾದವನು, ಒಂದು ಕಾಲು ಎಳೆದು ನಡೆಯುವ ಮಾಜಿ ಸೈನಿಕ, ಹುಡುಗಿಯೊಬ್ಬಳ ನೀಲಿ ಕೋಟು ಕೊಟ್ಟುಹೋಗಿದ್ದ. ಪದಕಗಳ ಸಾಲು ಸಿಕ್ಕಿಸಲು ದಾರದ ಕುಣಿಕೆ ಬೇಕಂತೆ. ಪಿನ್ನು ನೇರ ಚುಚ್ಚಿದರೆ ಬಟ್ಟೆ ಹರಿಯುತ್ತದೆ. ಬಲಗಡೆ ಹಾಕಿ ಎಂದು ಚೀಟಿಯಲ್ಲಿ ಬರೆದೂ ಕೊಟ್ಟಿದ್ದ. ಓದಿ ನಕ್ಕೆ. ಊರಲ್ಲಿ ಪೊಲೀಸರ ಯೂನಿಫಾರ್ಮ್ ಹೊಲಿದವನು ನಾನು, ಪದಕ ಯಾವ ಎದೆಗೆ ಎಂದು ನನಗೆ ಗೊತ್ತಿಲ್ಲವೇ? ಪಾಪ, ಗಡಿಬಿಡಿಯಲ್ಲಿ ಬರೆದಿದ್ದಾನೆ ಎಂದುಕೊಂಡು, ಎಡಗಡೆ ಒಳಗಿನಿಂದ ಪಟ್ಟಿ ಕೊಟ್ಟು ಮೆಷಿನ್‌ನಲ್ಲೇ ಭದ್ರವಾಗಿ ಹೊಲಿದುಬಿಟ್ಟೆ.

ಮರುದಿನ ಅವನ ಜೊತೆ ಹುಡುಗಿಯೂ ಬಂದಳು. ಹದಿನಾಲ್ಕು ವರ್ಷ ಇರಬಹುದು. ಕೋಟು ಹಾಕಿ ಕನ್ನಡಿ ನೋಡಿದವಳೇ ಬಿಚ್ಚಿ ಮೇಜಿನ ಮೇಲಿಟ್ಟಳು.

“ಎಡಗಡೆ ಗಳಿಸಿದವರಿಗೆ. ಇವು ಅಪ್ಪನವು. ಸತ್ತವರದ್ದನ್ನು ಮನೆಯವರು ಬಲಗಡೆ ಹಾಕ್ಕೊಳ್ಳೋದು,” ಅಂದಳು. “ಹೀಗಿದ್ದರೆ ನಾಳೆ ನಾನು ಬರೋದೇ ಇಲ್ಲ.”

ನಾಳೆ ಎಂದರೆ, ದೋಹಾದ ಆಸ್ಟ್ರೇಲಿಯಾದವರೆಲ್ಲ ಯುದ್ಧದಲ್ಲಿ ಸತ್ತ ತಮ್ಮವರನ್ನು ನೆನೆಯಲು ನಸುಕಿಗೇ ಸೇರುವ ದಿನ. ಅವಳು ತೊಟ್ಟಿಲಲ್ಲಿದ್ದಾಗಲೇ ಅಪ್ಪ ಅಫ್ಘಾನಿಸ್ತಾನದಲ್ಲಿ ತೀರಿಕೊಂಡಿದ್ದನಂತೆ.

ಇಸ್ತ್ರಿ ಹಾಕುವ ಪುತ್ತೂರಿನ ಕಾಕ ಕೋಟು ಎತ್ತಿ ನೋಡಿದರು. “ಎಂತ ಮಾರಾಯ ನಿಂದು? ಬರ್ದು ಕೊಟ್ರೂ ನಿಂಗೆ ನಿಂದೇ ಆಗ್ಬೇಕಾ? ಬಿಚ್ಚಿದ್ರೆ ಸೂಜಿಯ ತೂತು ಕಾಣ್ತದೆ. ಕೋಟು ಖಲಾಸ್!”

“ಖಲಾಸ್ ಇಲ್ಲ, ಎಂತದೂ ಇಲ್ಲ,” ಅಂದೆ. “ಸಂಜೆಯೊಳಗೆ ಸರಿ ಮಾಡದಿದ್ರೆ ನಾನು ಕತ್ತರಿ ಹಿಡಿಯುದೇ ಬಿಡ್ತೇನೆ ಕಾಕ.”

ಕೋಟಿನ ಒಳಮಡಿಕೆಯಿಂದ ಅದೇ ಬಣ್ಣದ ಎಳೆ ಎಳೆದು, ಒಂದೊಂದೇ ತೂತಿಗೆ ರಫು ಹಾಕತೊಡಗಿದೆ. ಹೋಗಿ ಬನ್ನಿ ಎಂದರೂ ಸೈನಿಕ ಕದಲಲಿಲ್ಲ. ಒಬ್ಬನನ್ನೇ ಕೆಲಸಕ್ಕೆ ಬಿಟ್ಟು ಹೋಗುವುದು ತಮ್ಮಲ್ಲಿ ಇಲ್ಲ ಎಂದು ಸ್ಟೂಲ್ ಎಳೆದು ಕೂತ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಹಾಗೆ ಸುಮ್ಮನೆ ಕೂತದ್ದಕ್ಕೆ ನಾಚಿಕೆಯಾಯಿತು. ಅವಳ ಅಪ್ಪನ ಬಗ್ಗೆ ನಾನೇ ಕೇಳಿದೆ.

ಅಲ್ಲಿ ಗುಂಡು ಮೊದಲು ಇವನ ಕಾಲಿಗೆ ಬಿದ್ದಿತ್ತಂತೆ. ಗೆಳೆಯ, ಅಂದರೆ ಹುಡುಗಿಯ ಅಪ್ಪ, ಆಗಲೇ ಇನ್ನೊಬ್ಬ ಗಾಯಾಳುವನ್ನು ಗೋಡೆಯ ಮರೆಗೆ ಮುಟ್ಟಿಸಿದ್ದ. ನೀನು ಬರಬೇಡ ಎಂದು ಇವನು ಕೂಗಿದರೂ ಕೇಳದೆ ಮತ್ತೆ ಬಂದ.

“ಅವರಿಗೆ ಹೆದರಿಕೆ ಆಗ್ಲಿಲ್ವಾ?” ಅಂದೆ.

“ಕೈ ನಡುಗುತ್ತಿತ್ತು. ಆ ನಡುಗುವ ಕೈಯಲ್ಲೇ ನನ್ನನ್ನು ಗೋಡೆಯವರೆಗೆ ಎಳೆದ. ಕೊನೆಯ ಗುಂಡು ಅವನಿಗೆ ಬಿತ್ತು.”

ಅಂದಿನಿಂದ ವರ್ಷವೂ ಈ ಬೆಳಗಿಗೆ, ಹುಡುಗಿ ಎಲ್ಲಿದ್ದರೂ ಅವಳ ಪಕ್ಕ ಇವನು ನಿಲ್ಲುತ್ತಾನೆ. ಅವಳ ತಾಯಿ ಇಲ್ಲಿ ಟೀಚರ್ ಆಗಿ ಬಂದಿದ್ದರಿಂದ ಈ ಸಲ ದೋಹಾಕ್ಕೆ ವಿಮಾನ ಹತ್ತಿದ್ದ.

“ಅವರ ಪದಕ ನೀವೂ ಒಮ್ಮೆ ಹಾಕ್ಕೊಳ್ಬಹುದಲ್ಲ?”

“ಇಲ್ಲ. ಅದು ರಕ್ತಸಂಬಂಧಿಗಳಿಗೆ ಮಾತ್ರ. ಗೆಳೆಯನಿಗೆ ಆ ಹಕ್ಕಿಲ್ಲ.”

ಮೂಲೆಯಲ್ಲಿ ಮೊಬೈಲ್ ನೋಡುತ್ತಿದ್ದ ಹುಡುಗಿ ತಲೆ ಎತ್ತಿದಳು. ಅವನನ್ನೇ ನೋಡಿದಳು.

ಮಸೀದಿಯಲ್ಲಿ ಇಳಿಹೊತ್ತಿನ ಅಸರ್ ಬಾಂಗ್ ಕೊಡುವ ಹೊತ್ತಿಗೆ ರಫು ಮುಗಿದು, ಬಲಗಡೆ ಕೈಹೊಲಿಗೆಯಲ್ಲೇ ಕುಣಿಕೆಗಳೂ ಕೂತವು. ಕಾಕ ಬೆಳಕಿಗೆ ಹಿಡಿದು ಹುಡುಕಿದರು, ತೂತು ಸಿಗಲಿಲ್ಲ. ಹುಡುಗಿ ಕೋಟು ಹಾಕಿಕೊಂಡಳು. ಪದಕಗಳನ್ನು ಸೈನಿಕನೇ ಸಿಕ್ಕಿಸಿದ. ಅವಳು ಕನ್ನಡಿಯಲ್ಲಿ ನೋಡಿ, ಅವುಗಳ ಕೆಳಗೆ ಬೆರಳಿಟ್ಟಳು.

“ಇಲ್ಲಿ ಇನ್ನೊಂದು ಸಾಲು ಕುಣಿಕೆ ಹಾಕಿ, ಮಾಸ್ಟರ್.”

“ಯಾಕೆ? ಅಪ್ಪನದು ಒಂದೇ ಸಾಲು,” ಅಂದ ಸೈನಿಕ.

“ನಿಮ್ಮದಕ್ಕೆ. ನಿಮಗೆ ಮಕ್ಕಳಿಲ್ಲವಲ್ಲ, ನಿಮ್ಮ ನಂತರ ಯಾರು ಹಾಕ್ಕೊಳ್ತಾರೆ?”

“ಅಷ್ಟು ಹೊತ್ತಿಗೆ ಈ ಕೋಟು ನಿನಗೆ ಆಗೋದಿಲ್ಲ,” ಅಂದ ಅವನು.

“ದೊಡ್ಡ ಕೋಟಿಗೆ ಮತ್ತೆ ಹಾಕಿಸ್ತೇನೆ.”

“ಅದು ಮನೆಯವರಿಗೆ ಮಾತ್ರ, ಮಗೂ.”

“ಗೊತ್ತು,” ಅಂದಳು.

ಆ ಎತ್ತರದ ಆಸಾಮಿ ಎದ್ದು ಬಾಗಿಲ ಕಡೆ ಮುಖ ತಿರುಗಿಸಿ ನಿಂತ. ನಾನು ಗಟ್ಟಿ ದಾರ ಪೋಣಿಸಿ, ಅವಳು ಬೆರಳಿಟ್ಟ ಜಾಗದಲ್ಲೇ ಹೊಲಿಯತೊಡಗಿದೆ.