ಎದ್ದು ಹೊರಗೆ ಹೋಗುತ್ತಿದ್ದ ಟೀಚರಮ್ಮ

ಶಿವಮ್ಮ ಟೀಚರ್ ಪಂಚಾಯಿತಿ ಸಭೆಗಳಲ್ಲಿ ಮಾತಾಡಿದ್ದಕ್ಕಿಂತ ಎದ್ದು ಹೊರಗೆ ಹೋದದ್ದೇ ಹೆಚ್ಚು. ತಮ್ಮ ಮನೆ ಮುಂದಿನ ಚರಂಡಿ, ನೆಂಟರ ನಲ್ಲಿ, ಓರಗಿತ್ತಿಯ ಮಗನ ಅಂಗಡಿ ಪರವಾನಗಿ, ಯಾವುದೇ ಬರಲಿ, ಕನ್ನಡಕ ತೆಗೆದು ಬಟ್ಟೆಚೀಲಕ್ಕೆ ಹಾಕಿಕೊಂಡು, "ಇದು ನಮ್ಮೋರ್ದು, ನೀವೇ ನೋಡ್ಕಳಿ" ಎಂದು ಹೊರಟೇ ಬಿಡುತ್ತಿದ್ದರು. ಹೊರಗಿನ ಮೆಟ್ಟಿಲ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂತರೆ, ನಾನು ಹೋಗಿ ಕರೆಯುವತನಕ ತಿರುಗಿಯೂ ನೋಡುತ್ತಿರಲಿಲ್ಲ. ಒಳಗಿದ್ದವರು ಮೊದಮೊದಲು ನಗುತ್ತಿದ್ದರು. ಆಮೇಲೆ ಅದನ್ನು ಬಳಸಿಕೊಳ್ಳುವುದನ್ನು ಕಲಿತರು.

ನಾನು ಗಂಡಸಿ ಹೋಬಳಿಯ ಆ ಪಂಚಾಯಿತಿಯಲ್ಲಿ ಗುಮಾಸ್ತ. ಸಭೆಯ ನಡವಳಿ ಬರೆಯುವುದು ನನ್ನ ಕೆಲಸ. ಅದಕ್ಕೂ ಮೊದಲು, ಚಡ್ಡಿ ಜಾರುವ ವಯಸ್ಸಿನಲ್ಲಿ, ಅವರ ಅಂಗನವಾಡಿಯ ಮಗು. ಮಧ್ಯಾಹ್ನ ನಮಗೆಲ್ಲ ಅವರೇ ಬಡಿಸುತ್ತಿದ್ದರು. ತಮ್ಮ ಮೊಮ್ಮಗಳ ತಟ್ಟೆ ಬಂದಾಗ ಮಾತ್ರ ಸೌಟನ್ನು ಆಯಾಗೆ ಕೊಟ್ಟು ಪಕ್ಕಕ್ಕೆ ಸರಿಯುತ್ತಿದ್ದರು. ದೊಡ್ಡವನಾದ ಮೇಲೆ ಒಮ್ಮೆ ಯಾಕೆಂದು ಕೇಳಿದ್ದೆ.

"ನನ್ ಕೈ ಮೇಲೆ ನಂಗೇ ನಂಬ್ಕೆ ಇಲ್ಲ ಕಣೋ. ನಮ್ ಮಗು ತಟ್ಟೆ ಕಂಡ್ರೆ ಸೌಟು ತಾನಾಗೇ ತಳಕ್ಕೆ ಹೋಗ್ಬಿಡ್ತೈತೆ" ಎಂದಿದ್ದರು.

ನಿವೃತ್ತರಾದ ಮೇಲೆ ಅವರ ಕೇರಿಯವರು ಒತ್ತಾಯ ಮಾಡಿ ಪಂಚಾಯಿತಿ ಚುನಾವಣೆಗೆ ನಿಲ್ಲಿಸಿ ಗೆಲ್ಲಿಸಿದರು. ನಮ್ಮಲ್ಲಿ ಅಧ್ಯಕ್ಷೆಯೂ ಹೆಂಗಸೇ. ಆದರೆ ಕುರ್ಚಿಯಲ್ಲಿ ಕೂರುತ್ತಿದ್ದದ್ದು ಅವರ ಯಜಮಾನರು. ಇನ್ನಿಬ್ಬರು ಸದಸ್ಯೆಯರ ಗಂಡಂದಿರೂ ಹಾಗೆಯೇ ಬಂದು, ಟೀ ಕುಡಿದು, ಕೈ ಎತ್ತಿ ಹೋಗುತ್ತಿದ್ದರು. ಸಹಿಗಾಗಿ ನಾನು ಪುಸ್ತಕ ಹೊತ್ತು ಆ ಹೆಂಗಸರ ಮನೆಗಳಿಗೆ ತಿರುಗುತ್ತಿದ್ದೆ. ಹಿಟ್ಟಿನ ಕೈ ಒರೆಸಿಕೊಂಡು ಸಹಿ ಹಾಕುತ್ತಿದ್ದರು, ಏನು ಎತ್ತ ಎಂದು ಕೇಳುತ್ತಿರಲಿಲ್ಲ. ನಾನೂ ಹೇಳುತ್ತಿರಲಿಲ್ಲ.

ಸರ್ಕಾರದ ಮನೆ ಹಂಚಲು ಮನೆ ಇಲ್ಲದವರ ಪಟ್ಟಿ ಬಂದ ದಿನ ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಪಟ್ಟಿಯ ಮೂರನೇ ಹೆಸರು ಸುಮಿತ್ರ. ಗಂಡ ಸತ್ತವಳು, ಎರಡು ಮಕ್ಕಳು, ತಗಡಿನ ಮನೆ. ಅವಳಿಗಿಂತ ಅರ್ಹರು ಊರಲ್ಲಿ ಯಾರೂ ಇರಲಿಲ್ಲ. ಆದರೆ ಅವಳು ಟೀಚರಮ್ಮನ ತಮ್ಮನ ಮಗಳು. ಟೀಚರಮ್ಮ ಎದ್ದು ಹೊರಗೆ ಹೋದರು. ಅವರ ಚಪ್ಪಲಿ ಸದ್ದು ನಿಲ್ಲುವ ಮುಂಚೆಯೇ ಒಳಗಿದ್ದವರು ಸುಮಿತ್ರಳ ಹೆಸರು ಹೊಡೆದು ಉಪಾಧ್ಯಕ್ಷರ ಬಾಮೈದನ ಹೆಸರು ಬರೆಸಿದರು. ಅವನಿಗೆ ತಾರಸಿ ಮನೆ ಇತ್ತು. ಉಪಾಧ್ಯಕ್ಷರು ಕುಂತಲ್ಲಿಂದ ಅಲ್ಲಾಡಲಿಲ್ಲ. ಟೀಚರಮ್ಮ ಒಳಗೆ ಬಂದು ಪಟ್ಟಿ ಓದಿಸಿಕೊಂಡು ತಮ್ಮ ಜಾಗದಲ್ಲಿ ಕೂತರು. ಸುಮಿತ್ರ ಅವರ ಜೊತೆ ಬಹಳ ದಿನ ಮಾತು ಬಿಟ್ಟಳು.

ಆಮೇಲೆಯೇ ಟೀಚರಮ್ಮ ಹಟ ಹಿಡಿದದ್ದು. ಸದಸ್ಯರ ನಡತೆಗೆ ನಮ್ಮಲ್ಲಿ ಹಳೆಯ ನಿಯಮಗಳಿದ್ದವು. ವಿಷಯ ತನ್ನವರದಾದರೆ "ಹೊರಗಿರುವುದು ಲೇಸು" ಎಂದಷ್ಟೇ ಇತ್ತು. ಲೇಸು ಅಂದರೆ ಯಾರು ಕೇಳುತ್ತಾರೆ? ಹೊರಗಿರಲೇಬೇಕು ಎಂದಾಗಬೇಕು, ಪ್ರತಿಯೊಬ್ಬರೂ ತಮ್ಮ ನೆಂಟರ ಹೆಸರು ಮೊದಲೇ ಬರೆದುಕೊಡಬೇಕು, ಗೆದ್ದವರ ಕುರ್ಚಿಯಲ್ಲಿ ಗೆದ್ದವರೇ ಕೂರಬೇಕು ಎಂದು ಅಂಗನವಾಡಿಯ ದುಂಡು ಅಕ್ಷರದಲ್ಲಿ ಒಂದು ಹಾಳೆ ಬರೆದು ತಂದರು.

ಸಭೆಯ ದಿನ ಅದನ್ನು ಓದಿದ್ದೂ ನಾನೇ. ಓದಿ ಮುಗಿಸುತ್ತಲೇ ಅಧ್ಯಕ್ಷೆಯ ಯಜಮಾನರು ಬಹಳ ಮರ್ಯಾದೆಯಿಂದ ಹೇಳಿದರು: "ಟೀಚರಮ್ಮ, ಈ ವಿಷ್ಯ ತಂದೋರು ನೀವೇ. ನಿಮ್ದೇ ವಿಷ್ಯ. ನಿಮ್ ಪದ್ಧತಿ ಪ್ರಕಾರ ನೀವು ಹೊರಗಿರ್ಬೇಕಲ್ವ್ರಾ?"

ಆ ಮನುಷ್ಯನನ್ನು ಊರಲ್ಲಿ ಯಾರೂ ಆರಿಸಿರಲಿಲ್ಲ. ಆ ಕೋಣೆಯಲ್ಲಿ ಹೊರಗೆ ಹೋಗಬೇಕಾಗಿದ್ದವನು ಅವನೇ. ತನ್ನ ಲಾಭವಿದ್ದರೆ ಏಳಬೇಕೇ ಹೊರತು ಊರಿನ ಒಳಿತಿನ ಮಾತು ತಂದವರು ಏಳಬೇಕಾಗಿಲ್ಲ ಎಂದು ನನಗೆ ಗೊತ್ತಿತ್ತು. ಪಕ್ಕದಲ್ಲಿ ಮೊಬೈಲ್ ನೋಡುತ್ತಿದ್ದ ಪಂಚಾಯಿತಿ ಅಧಿಕಾರಿಗೂ ಗೊತ್ತಿತ್ತು. ನಾವಿಬ್ಬರೂ ತುಟಿ ಪಿಟಿಕ್ಕೆನ್ನಲಿಲ್ಲ. ಟೀಚರಮ್ಮ ಒಂದು ಗಳಿಗೆ ಯೋಚಿಸಿದರು. ಇಷ್ಟು ವರ್ಷ ಎದ್ದವಳು ಇವತ್ತು ಕೂತರೆ ಏನಂದಾರು ಎಂದುಕೊಂಡಿರಬೇಕು. ಕನ್ನಡಕ ತೆಗೆದು ಚೀಲಕ್ಕೆ ಹಾಕಿಕೊಂಡು ಹೊರಟರು.

ಹತ್ತು ನಿಮಿಷದಲ್ಲಿ ನಿಯಮ ಪರಿಷ್ಕರಣೆ ಮುಗಿಯಿತು. ಇಷ್ಟವಿದ್ದವರು ಹೊರಗೆ ಹೋಗಬಹುದು. ನೆಂಟರ ಪಟ್ಟಿ ಬೇಕಿಲ್ಲ. ಸದಸ್ಯೆಯರ ಯಜಮಾನರು "ಸಲಹೆಗಾರರಾಗಿ" ಕೂರಬಹುದು. ಅಲ್ಲಿಯವರೆಗೆ ಕದ್ದು ಕೂರುತ್ತಿದ್ದವರಿಗೆ ಹಕ್ಕು ಬಂತು, ಅದೂ ಟೀಚರಮ್ಮನದೇ ಹಾಳೆಯ ನೆಪದಲ್ಲಿ. ಒಳಗೆ ಬಂದ ಟೀಚರಮ್ಮನಿಗೆ ನಡವಳಿ ಓದಿ ಹೇಳಿದೆ. ಸರ್ವಾನುಮತದಿಂದ ಎಂದಿತ್ತು.

"ನಾನು ಒಳಗಿರ್ಲಿಲ್ಲ ಅಂತ ಬರಿಯಪ್ಪಾ" ಎಂದರು. ನಾನು ಅಧ್ಯಕ್ಷೆಯ ಯಜಮಾನರ ಮುಖ ನೋಡಿದೆ. ಬರೆಯಲಿಲ್ಲ.

ಅವಧಿ ಮುಗಿದು ಹೊಸ ಚುನಾವಣೆಯೂ ಆದ ಮೇಲೆ, ಟೀಚರಮ್ಮನಿಗೆ ಕಾಯಿಲೆಯಾಗಿದೆ ಎಂದು ಕೇಳಿ ನೋಡಲು ಹೋದೆ. ಸುಮಿತ್ರಳ ತಗಡಿನ ಮನೆಯಲ್ಲೇ ಇದ್ದರು. ಅವಳೇ ಗಂಜಿ ಕುಡಿಸುತ್ತಿದ್ದಳು. ಗೋಡೆಯಲ್ಲಿ ಬುದ್ಧನ ಕ್ಯಾಲೆಂಡರ್ ಇತ್ತು. ಆವತ್ತು ಬರೆಯದೆ ಹೋದದ್ದು ತಪ್ಪಾಯಿತು ಎಂದೆ. ಬೈಯಲಿ ಎಂದೇ ಹೋಗಿದ್ದೆ.

"ನಿನ್ ಮೇಲೆ ಸಿಟ್ಟಿಲ್ಲ ಬಿಡೋ" ಎಂದರು. "ನಾನು ಎದ್ನಲ್ಲ, ಅದ್ಕೆ ಸಿಟ್ಟು. ಆ ಕುರ್ಚಿ ನಂದಾ? ನಮ್ ಕೇರಿದು. ನಾನು ಒಳ್ಳೇಳು ಅನ್ನಿಸ್ಕಳೋಕೆ ಅದ್ನ ಖಾಲಿ ಬಿಟ್ಟು ಬಂದೆ."

ಈಗ ಅದರಲ್ಲಿ ಯಾರು ಕೂತವ್ರೆ ಎಂದು ಕೇಳಿದರು. ಆ ಕೇರಿಯಿಂದ ಹೊಸದಾಗಿ ಗೆದ್ದಾಕೆಯ ಗಂಡ ಎಂದೆ. ಅವರು ಮುಖವನ್ನು ಗೋಡೆ ಕಡೆಗೆ ತಿರುಗಿಸಿದರು. ಮತ್ತೆ ನನ್ನ ಕಡೆ ನೋಡಲಿಲ್ಲ. ಆ ವಾರವೇ ತೀರಿಕೊಂಡರು.

ನಾನು ನೋಡಲು ಹೋಗಿದ್ದ ದಿನವೇ ಮಧ್ಯಾಹ್ನ ಪಂಚಾಯಿತಿಯಲ್ಲಿ ಸಭೆಯಿತ್ತು. ಅವರ ಹಾಸಿಗೆ ಪಕ್ಕದಿಂದ ಎದ್ದು ನೇರ ಅಲ್ಲಿಗೇ ಹೋದೆ. ಸಲಹೆಗಾರರು ಹೇಳಿದರು, ನಾನು ಬರೆದುಕೊಂಡೆ.