ಹುಣಸೆಹಣ್ಣಲ್ಲಿ ತೊಳೆದ ಕಬ್ಬಿಣ

ದೇವರ ಮುಂದೆ ಇಡುವುದೆಲ್ಲ ಹುಣಸೆಹಣ್ಣು ಕಂಡಿರಬೇಕು, ಇದು ನಮ್ಮಜ್ಜಿಯ ಕಟ್ಟಳೆ. ಚೊಂಬಾಗಲಿ, ದೀಪವಾಗಲಿ, ತಿಕ್ಕಿ ತೊಳೆದ ಮೇಲೇ ಅರಿಶಿನ ಕುಂಕುಮ. ತುಮಕೂರಿನ ಕಡೆಯ ಹಳ್ಳಿಯಿಂದ ಪೀಣ್ಯದ ವಠಾರಕ್ಕೆ ಬರುವಾಗ ಆ ಕಟ್ಟಳೆಯನ್ನೂ ಗಂಟಿನಲ್ಲಿ ಕಟ್ಟಿಕೊಂಡೇ ಬಂದಿದ್ದಳು.

ತೊಂಬತ್ತರ ದಶಕದ ಮಾತು. ಅಕ್ಕ ಆಗ ಏಳನೇ ಕ್ಲಾಸು. ನಮ್ಮ ಶಾಲೆಯಲ್ಲಿ ಶನಿವಾರ ಕಸುಬಿನ ಪಿರಿಯಡ್. ಹುಡುಗಿಯರಿಗೆ ಹೊಲಿಗೆ, ಹುಡುಗರಿಗೆ ಅರ ಹಿಡಿದು ಕಬ್ಬಿಣ ಉಜ್ಜುವ ಕೆಲಸ. ಅಕ್ಕ ಹಟ ಮಾಡಿ ಹುಡುಗರ ಸಾಲಿಗೆ ನಿಂತಳು.

"ಸೂಜಿ ದಾರ ಆ ಕಡೆ ಕಣೇ," ಎಂದ ಒಬ್ಬ.

"ಹೌದಾ? ಹೋಗಿ ನಿನ್ ಗುಂಡಿ ಹೊಲ್ಕೊಂಡ್ ಬಾ. ಅಂಗಿ ಬಾಯ್ ಬಿಟ್ಕೊಂಡಿದೆ!"

ಮೇಷ್ಟ್ರೂ ನಕ್ಕುಬಿಟ್ಟರು. ಅವಳ ಕೈಗೂ ಒಂದು ಅರ ಬಂತು.

ದಸರಾ ರಜೆ ಮುಗಿದ ಮೇಲೆ ಟೆಕ್ನಿಕಲ್ ಹೈಸ್ಕೂಲಿನವರು ಬಂದು, ಮಕ್ಕಳ ಕೆಲಸ ನೋಡಿ, ಒಬ್ಬರನ್ನು ಆರಿಸುವವರಿದ್ದರು. "ಸೀಟು ಸಿಕ್ರೆ ಓದು. ಇಲ್ದಿದ್ರೆ ಅಮ್ಮನ ಜತೆ ಊದುಬತ್ತಿ ಹೊಸಿ," ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದ.

ಅಕ್ಕ ಮಾಡಿದ್ದು ಇಷ್ಟೇ: ದಪ್ಪ ತಗಡಿನಲ್ಲೊಂದು ಚೌಕ ತೂತು, ಅದರೊಳಗೆ ಕೂರುವ ಚೌಕ ತುಂಡು. ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಎಳೆಯಷ್ಟೂ ಬೆಳಕು ತೂರಬಾರದು. ತೂರುತ್ತಿರಲಿಲ್ಲ. ಆಯುಧಪೂಜೆಗೆ ಇಡುತ್ತೇನೆಂದು ಕೇಳಿ ಮನೆಗೆ ತಂದಳು. "ಎಣ್ಣೆ ಸವರಿರ್ಲಿ, ನೀರು ಸೋಕಿಸ್ಬೇಡಮ್ಮ," ಎಂದು ಮೇಷ್ಟ್ರು ಹೇಳಿ ಕಳಿಸಿದ್ದರು.

ಪೂಜೆಯ ಬೆಳಿಗ್ಗೆ ಅಕ್ಕ ಹೂ ತರಲು ಹೋಗಿದ್ದಳು. ಅಪ್ಪನ ಸ್ಪ್ಯಾನರು, ಅಮ್ಮನ ಈಳಿಗೆಮಣೆಯ ಪಕ್ಕದಲ್ಲಿ ಜಿಡ್ಡುಜಿಡ್ಡಾಗಿದ್ದ ಆ ಕಬ್ಬಿಣ ಅಜ್ಜಿಯ ಕಣ್ಣಿಗೆ ಬಿತ್ತು.

"ಅಯ್ಯೋ, ಮಗೀನ ಬದುಕೇ ಇದ್ರಾಗೈತಂತೆ. ಇಂಗೇ ದ್ಯಾವ್ರ ಮುಂದೆ ಇಕ್ಕೋದಾ?"

ಹುಣಸೆಹಣ್ಣು ಹಾಕಿ ತಿಕ್ಕಿದಳು. ತೊಳೆದಳು. ಅರಿಶಿನ ಕುಂಕುಮ ಬಳಿದು ಎಲ್ಲಕ್ಕಿಂತ ಮುಂದೆ ಇಟ್ಟಳು. ಪೂಜೆಗಿಟ್ಟದ್ದನ್ನು ವಿಜಯದಶಮಿ ಕಳೆಯುವ ತನಕ ಮುಟ್ಟುವಂತಿಲ್ಲ. ಮುಟ್ಟಿದಾಗ ಅರಿಶಿನದಡಿ ಬರೀ ತುಕ್ಕು.

ಅಕ್ಕ ಅಜ್ಜಿಗೆ ಕಾಣದಂತೆ ಬಚ್ಚಲಲ್ಲಿ ಕೂತು ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ತುಕ್ಕು ತೆಗೆದಳು. ತುಕ್ಕಿನ ಜತೆ ಅಳತೆಯೂ ಹೋಯಿತು. ಆರಿಸಲು ಬಂದವರು ಅದನ್ನು ಕಿಟಕಿಗೆ ಹಿಡಿದಾಗ ನಾಲ್ಕೂ ಕಡೆ ಬೆಳಕು. ಮೇಷ್ಟ್ರು ಏನೋ ಹೇಳಹೋದರು. ಅಷ್ಟರಲ್ಲಿ ಅವರು ಮುಂದಿನದನ್ನು ಎತ್ತಿಕೊಂಡಾಗಿತ್ತು.

ಸಂಜೆ ಅಜ್ಜಿ ಬಾಗಿಲಲ್ಲೇ ಕಾದಿದ್ದಳು. "ಏನಂದ್ರವ್ವಾ?"

"ಚೆನ್ನಾಗಿದೆ ಅಂದ್ರಜ್ಜಿ. ಹುಡುಗೀರ್ಗೆ ಸೀಟಿಲ್ವಂತೆ."

"ಅವ್ರ ಬಾಯಿಗೆ ಮಣ್ಣಾಕ!" ಎಂದು ಅಜ್ಜಿ ರಾತ್ರಿ ಊಟದವರೆಗೂ ಬೈದಳು. ಅಕ್ಕ ತಟ್ಟೆ ನೋಡುತ್ತಾ ಉಂಡಳು.

ಮರುವರ್ಷದ ಆಯುಧಪೂಜೆಗೆ ಅಕ್ಕ ಶಾಲೆ ಬಿಟ್ಟಾಗಿತ್ತು. "ಆ ಕಬ್ಬುಣ ಎಲ್ಲವ್ವಾ? ತತ್ತಾ, ತಿಕ್ಕಿ ಇಕ್ಕಾನ," ಎಂದಳು ಅಜ್ಜಿ. ಅಕ್ಕ ಊದುಬತ್ತಿಯ ಕಪ್ಪು ಮೆತ್ತಿದ ಕೈಯಲ್ಲೇ ಅದನ್ನು ಗೂಡಿನಿಂದ ತೆಗೆದಳು.

"ನೀನು ಕೂತ್ಕೊ ಅಜ್ಜಿ. ನಾನೇ ತೊಳೀತೀನಿ," ಎಂದು ಹುಣಸೆಹಣ್ಣು ನೆನೆಹಾಕಿದಳು.