ಮಿಷನ್ ಕೊಡದೆ ಬಿಟ್ಟ ಸಂಖ್ಯೆ

ಗಣಿಯವರ ಎಷ್ಟೋ ನಂಬಿಕೆಗಳನ್ನು ನಾನು ನಗುತ್ತಲೇ ತಳ್ಳಿಹಾಕಿದವಳು. ಬಂಗಾರಪೇಟೆಯಿಂದ ದಿನಾ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಕಂಪ್ಯೂಟರ್ ಕಲಿತು, ಅಪ್ಪ ದುಡಿದ ಚಿನ್ನದ ಗಣಿಯ ಕಚೇರಿಗೇ ಕೆಲಸಕ್ಕೆ ಸೇರಿದ್ದೆ. ಕೊಬ್ಬು ಇತ್ತು ಅಂತಲೇ ಇಟ್ಟುಕೊಳ್ಳಿ. ನಡೆದದ್ದನ್ನು ಮಾತ್ರ ನಡೆದ ಹಾಗೆ ಹೇಳುತ್ತೇನೆ.

ತೊಂಬತ್ತರ ದಶಕ. ನಮ್ಮ ಡೇಟಾಬೇಸಿನಲ್ಲಿ ಗಣಿಗೆ ಇಳಿಯುವ ಒಂದೊಂದು ಶಾಫ್ಟಿಗೂ ಬೇರೆ ಸ್ಕೀಮಾ, ಬೇರೆಯೇ ಪಟ್ಟಿ ಇತ್ತು, ಒಂದೇ ಮನೆಯೊಳಗೆ ಬೇರೆ ಬೇರೆ ಒಲೆ ಹೂಡಿದ ಹಾಗೆ. ಪ್ರತಿಯೊಂದರಲ್ಲೂ ಕಾರ್ಮಿಕರ ಸಂಖ್ಯೆ ಒಂದರಿಂದ ತಾನಾಗಿ ಏರುತ್ತಿದ್ದುದರಿಂದ ಒಂದೇ ಸಂಖ್ಯೆಗೆ ಮೂವರು ನಾಲ್ವರು. ಒಬ್ಬನ ಆಸ್ಪತ್ರೆ ಚೀಟಿ ಇನ್ನೊಬ್ಬನ ಕೈ ಸೇರುತ್ತಿತ್ತು. ನಾನು ಎಲ್ಲ ಸ್ಕೀಮಾಗಳಿಗೂ ಸೇರಿ ಸಾಲಾಗಿ ಸಂಖ್ಯೆ ಕೊಡುವ ಒಂದೇ ಸೀಕ್ವೆನ್ಸ್ ಇಟ್ಟೆ. ಯಾವ ಶಾಫ್ಟಿನವನಿಗಾದರೂ ಮುಂದಿನ ಸಂಖ್ಯೆ ಅಲ್ಲಿಂದಲೇ ಬರಬೇಕು. ಆ ಕೆಲಸದ ಬಗ್ಗೆ ನನಗೆ ಇಂದಿಗೂ ಹೆಮ್ಮೆ. ಕಚೇರಿಯ ಸಾಹೇಬರದು ಒಂದೇ ಷರತ್ತು: ನಡುವೆ ಸಂಖ್ಯೆ ತಪ್ಪಬಾರದು, ತಪ್ಪಿದರೆ ಕೆಲಸ ಹೊರಗಿನವರಿಗೆ.

ಗಣಿಗೆ ಇಳಿಯುವವರು ತಮ್ಮ ಸಂಖ್ಯೆಯ ಹಿತ್ತಾಳೆ ಬಿಲ್ಲೆಯನ್ನು ಮೇಲೆ ಮೊಳೆಗೆ ತೂಗುಹಾಕಿ, ಹತ್ತಿ ಬಂದ ಮೇಲೆ ತೆಗೆದುಕೊಳ್ಳುತ್ತಿದ್ದರು. ಬಂಡೆ ಸಿಡಿದು ಸಿಕ್ಕಿಕೊಂಡ ನಮ್ಮಪ್ಪನ ದೇಹ ಸಿಗಲೇ ಇಲ್ಲ. ಬಿಲ್ಲೆ ಮೊಳೆಯಲ್ಲೇ ಉಳಿಯಿತು. ಅಂಥವರ ಸಂಖ್ಯೆಯನ್ನು ಆ ಶಾಫ್ಟಿನಲ್ಲಿ ಇನ್ನೊಬ್ಬರಿಗೆ ಕೊಡುವ ಪದ್ಧತಿ ಇಲ್ಲ.

ಅಪ್ಪನ ಜೊತೆ ದುಡಿದಿದ್ದ ಕ್ಯಾಸಂಬಳ್ಳಿಯ ಮುನಿಯಪ್ಪ ಮಾವ ಹೊಸ ಸಂಖ್ಯೆಗಳ ಸುದ್ದಿ ಕೇಳಿ ನನ್ನ ಕೋಣೆಗೇ ಬಂದರು.

"ನಿಮ್ಮಪ್ಪನ ನಂಬ್ರು ಯಾರ್ಗೂ ಕೊಡ್ಬ್ಯಾಡ ಕಣಮ್ಮಾ. ಒಳಿಕ್ ಹೋದೋನು ಇನ್ನೂ ಮೇಲಕ್ ಬಂದಿಲ್ಲ."

"ಮಿಷನ್‌ಗೆ ಅಪ್ಪ ಅಮ್ಮ ಇಲ್ಲ ಮಾವ" ಎಂದು ಕಳಿಸಿಬಿಟ್ಟೆ.

ಮಧ್ಯಾಹ್ನ ಸಾಹೇಬರ ಎದುರಿಗೇ ಪ್ರೋಗ್ರಾಮ್ ನಡೆಸಿದೆ. ಎಲ್ಲ ಹೆಸರುಗಳಿಗೂ ಸಂಖ್ಯೆ ಬಿತ್ತು. ನಡುವೆ ತಪ್ಪಿದ್ದು ಒಂದೇ ಸಂಖ್ಯೆ, ಅಪ್ಪನ ಬಿಲ್ಲೆಯದು. ಸೇರಿಸುವಾಗ ಯಾವುದಾದರೂ ಹೆಸರು ತಿರಸ್ಕೃತವಾದರೆ ಸಂಖ್ಯೆ ಹೀಗೆ ಹಾರಿಹೋಗುವುದುಂಟು. ಹುಡುಕಿದೆ, ಯಾವುದೂ ತಿರಸ್ಕೃತವಾಗಿರಲಿಲ್ಲ. ಎಲ್ಲ ಅಳಿಸಿ ಸೀಕ್ವೆನ್ಸನ್ನು ಮತ್ತೆ ಒಂದರಿಂದ ಶುರುಮಾಡಿದೆ. ಮತ್ತೆ ಅದೇ ಸಂಖ್ಯೆಯನ್ನು ಬಿಟ್ಟಿತು.

"ಆ ಖಾಲಿ ಜಾಗಕ್ಕೆ ಕೈಯಿಂದಲೇ ಒಂದು ಹೆಸರು ತುಂಬಿಬಿಡಮ್ಮ, ಮುಗೀತು" ಎಂದರು ಸಾಹೇಬರು. ತುಂಬಿದ್ದರೆ ಅಲ್ಲಿಗೆ ನಾನು ಗೆದ್ದಂತೆಯೇ.

"ಅದು ಖಾಲಿ ಇಲ್ಲ ಸಾರ್" ಎಂದೆ. "ನಮ್ಮಪ್ಪನ್ದು."

ಅವರು ಒಮ್ಮೆ ನನ್ನ ಮುಖ, ಒಮ್ಮೆ ಮಿಷನ್‌ನ ತೆರೆ ನೋಡಿ, ಪಟ್ಟಿಗೆ ಸಹಿ ಹಾಕಿದರು. ಗಣಿಯಲ್ಲಿ ನಾನಿದ್ದಷ್ಟು ಕಾಲವೂ ಆ ಸಂಖ್ಯೆ ಯಾರಿಗೂ ಹೋಗಲಿಲ್ಲ. ಆಮೇಲೆ ಎಷ್ಟೋ ಡೇಟಾಬೇಸ್ ಕಟ್ಟಿದ್ದೇನೆ, ಬಲ್ಲವರನ್ನೆಲ್ಲ ಕೇಳಿದ್ದೇನೆ. ಮಿಷನ್ ಅದನ್ನು ಯಾಕೆ ಬಿಟ್ಟಿತೋ ಇಂದಿಗೂ ತಿಳಿದಿಲ್ಲ. ನಾನು ಯಾಕೆ ಬಿಟ್ಟೆ ಎಂಬುದು ಮಾತ್ರ ಗೊತ್ತು.